ಊರಿನ ಮ್ಯೂಸಿಯಂಗೆ ಊರವರನ್ನು ಕರೆತರುವ ಬಗೆ: ಬೆಂಗಳೂರಿನ ಸಣ್ಣ ವಸ್ತುಸಂಗ್ರಹಾಲಯಗಳಿಗೆ ಸಮಗ್ರ ಮಾರ್ಗದರ್ಶಿ

"ಶಾಲೆಗೆ ಪತ್ರ ಬರೆದೆವು, ಎಂಬತ್ತು ಮಕ್ಕಳು ಬಂದರು, ಅರ್ಧ ಗಂಟೆಯಲ್ಲಿ ಸಾಲಾಗಿ ನೋಡಿ ಹೊರಟುಹೋದರು. ಆಮೇಲೆ ಒಬ್ಬರೂ ಇತ್ತ ತಲೆ ಹಾಕಲಿಲ್ಲ." ಬಡಾವಣೆಯ ಇತಿಹಾಸಕ್ಕೆಂದು ಒಂದೆರಡು ಕೋಣೆಗಳ ಮ್ಯೂಸಿಯಂ ನಡೆಸುವವರಿಂದ ನಾನು ಮತ್ತೆ ಮತ್ತೆ ಕೇಳುವ ಮಾತು ಇದು. ಅವರು ಸೋಮಾರಿಗಳಲ್ಲ. ಚಿತ್ರಕಲಾ ಸ್ಪರ್ಧೆ, ರಸಪ್ರಶ್ನೆ, ಉಪನ್ಯಾಸ ಎಲ್ಲವನ್ನೂ ಮಾಡಿದವರೇ. ಎಡವಿದ್ದು ಕೆಲಸಗಳ ಕ್ರಮದಲ್ಲಿ. ಮೊದಲು ಶಾಲೆಯನ್ನು ಕರೆಯುತ್ತಾರೆ, ನೆರೆಹೊರೆಯನ್ನು ಬಿಡುವಾದಾಗ ನೋಡೋಣ ಎಂದು ಬಿಡುತ್ತಾರೆ. ಇದನ್ನು ತಿರುವಿ ಹಾಕಬೇಕು. ಮೊದಲು ನಾವು ಬೀದಿಗೆ ಹೋಗಬೇಕು, ಬೀದಿಯಿಂದ ಕೇಳಿ ತಂದದ್ದನ್ನು ಬೀದಿಗೇ ತೋರಿಸಬೇಕು, ಅದಾದ ಮೇಲೆ ಮಕ್ಕಳನ್ನು ಕರೆಯಬೇಕು.

ಕೆಳಗಿನ ಏಳು ಹಂತಗಳಿಗೆ ಸುಮಾರು ಒಂದು ಶೈಕ್ಷಣಿಕ ವರ್ಷ ಹಿಡಿಯುತ್ತದೆ. ಇಬ್ಬರು ಕಾಯಂ ಆಗಿ ದುಡಿಯುವವರು, ಭಾನುವಾರಗಳಲ್ಲಿ ಕೈಜೋಡಿಸುವ ನಾಲ್ಕೈದು ಜನ ಇದ್ದರೆ ಸಾಕು.

ಕೈಯಲ್ಲಿ ಇರಬೇಕಾದ ಸಾಮಾನು

ಒಂದು ದಪ್ಪ ರಟ್ಟಿನ ನೋಂದಣಿ ಪುಸ್ತಕ, ಕಾರ್ಬನ್ ಹಾಳೆಯಿರುವ ರಸೀದಿ ಪುಸ್ತಕ, ಮೆತ್ತನೆಯ ಸೀಸದ 2ಬಿ ಪೆನ್ಸಿಲ್‌ಗಳು, ಪುಡಿಯಿಲ್ಲದ ನೈಟ್ರೈಲ್ ಕೈಗವಸು, ಸಪಾಟಾದ ಗಾಜಿನ ಸ್ಕ್ಯಾನರ್, ಅಂಗಿಗೆ ಸಿಕ್ಕಿಸುವ ಮೈಕ್, ಎರಡು ಟಾರ್ಚ್, ಅಳತೆ ಟೇಪು, ಎರಡು ಹಾರ್ಡ್ ಡಿಸ್ಕ್. ಸ್ಕ್ಯಾನರ್ ಕೊಳ್ಳಲು ಹಣವಿಲ್ಲದಿದ್ದರೆ ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಆರಿಸಿ, ಸ್ಟ್ಯಾಂಡಿಗೆ ಕಟ್ಟಿದ ಮೊಬೈಲಿನಿಂದ ನೇರ ಮೇಲಿನಿಂದ ತೆಗೆದ ಚಿತ್ರವೂ ಆಗುತ್ತದೆ. ರಸೀದಿ ಪುಸ್ತಕವನ್ನು ಮಾತ್ರ ಬಿಡಬೇಡಿ. ಪ್ರೊಜೆಕ್ಟರ್, ದೊಡ್ಡ ಪರದೆ ಮುಂತಾದವಕ್ಕೆ ಮೊದಲ ವರ್ಷ ಒಂದು ಪೈಸೆಯನ್ನೂ ಹಾಕಬೇಡಿ.

ಹಂತ 1: ಎರಡು ಕಿಲೋಮೀಟರ್ ಸುತ್ತಿನೊಳಗೆ ನಡೆದು ನೋಡಿ

ಮ್ಯೂಸಿಯಂ ಅನ್ನು ನಡುವೆ ಇಟ್ಟು ನಕ್ಷೆಯ ಮೇಲೆ ಎರಡು ಕಿಲೋಮೀಟರ್ ದೂರದ ಒಂದು ವೃತ್ತ ಎಳೆಯಿರಿ. ಮೊದಲ ವರ್ಷದ ಕೆಲಸವೆಲ್ಲ ಅದರೊಳಗೇ ನಡೆಯಲಿ. ನಾಲ್ಕು ಭಾನುವಾರ ಬೆಳಿಗ್ಗೆ ಆರೂವರೆಗೆ ಹೊರಟು ಬೀದಿ ಬೀದಿ ನಡೆಯಿರಿ. ಅರಳಿಕಟ್ಟೆ, ನಾಗರಕಲ್ಲು, ವೀರಗಲ್ಲು, ಮುಚ್ಚಿದ ಬಾವಿ, ಕಲ್ಯಾಣಿ, ರಾಜಕಾಲುವೆ, ಹಳೆಯ ಗಿರಣಿಯ ಗೇಟು, ಗರಡಿಮನೆ, ಸ್ಮಶಾನ, ಈಗ ಅಪಾರ್ಟ್‌ಮೆಂಟ್ ಎದ್ದಿರುವ ಗುಂಡುತೋಪು, ಕಂಡದ್ದನ್ನೆಲ್ಲ ಗುರುತಿಸಿ.

ಹೆಸರುಗಳನ್ನೂ ಬಿಡಬೇಡಿ. ಬೊಮ್ಮಸಂದ್ರ, ಸಿಂಗಸಂದ್ರಗಳಲ್ಲಿರುವ "ಸಂದ್ರ" ಎಂಬುದು ಕೆರೆಯನ್ನು ಸಮುದ್ರವೆಂದು ಕರೆದ ಕಾಲದ ಉಳಿಕೆ. ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಧರ್ಮಾಂಬುಧಿ ಕೆರೆಯಿತ್ತು, ಕಂಠೀರವ ಕ್ರೀಡಾಂಗಣದ ಜಾಗದಲ್ಲಿ ಸಂಪಂಗಿ ಕೆರೆಯಿತ್ತು. ನಿಮ್ಮ ವೃತ್ತದೊಳಗೂ ಹೀಗೆ ಹೆಸರಷ್ಟೇ ಉಳಿದಿರುವ ನೀರು ಒಂದಾದರೂ ಇದ್ದೇ ಇರುತ್ತದೆ.

ನಡೆದು ಬಂದ ಮೇಲೆ ಪುಸ್ತಕ ತೆಗೆಯಿರಿ. ಬಿ. ಎಲ್. ರೈಸ್ ಸಂಪಾದಿಸಿ 1905ರಲ್ಲಿ ಹೊರಬಂದ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟ ಬೆಂಗಳೂರು ಜಿಲ್ಲೆಯ ಶಾಸನಗಳದ್ದು. ನಿಮ್ಮ ಹಳ್ಳಿಯ ಹಳೆಯ ಹೆಸರು ಹಿಡಿದು ಅದರಲ್ಲಿ ಹುಡುಕಿ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುವ ಕೆಲಸ ನಡೆಸಿದೆ, ಅಲ್ಲಿಯೂ ವಿಚಾರಿಸಿ. ಮೊದಲು ಪುಸ್ತಕ ಓದಿ ಆಮೇಲೆ ನಡೆಯಲು ಹೋದವರು ಪುಸ್ತಕದಲ್ಲಿ ಇಲ್ಲದ್ದನ್ನು ಕಾಣದೆ ದಾಟಿಹೋಗುತ್ತಾರೆ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲನ್ನು ನೆನಪಿಸಿಕೊಳ್ಳಿ. ಸುಮಾರು ಕ್ರಿ.ಶ. 750ರ, ಬೆಂಗಳೂರಿನ ಅತ್ಯಂತ ಹಳೆಯ ಕನ್ನಡ ಶಾಸನವೆಂದು ಗುರುತಿಸಲಾಗಿರುವ ಆ ಕಲ್ಲು ಜನವಸತಿಯ ನಡುವೆಯೇ ಇದ್ದರೂ ತಿಳಿದವರ ಕಣ್ಣಿಗೆ ಬಿದ್ದದ್ದು 2018ರಲ್ಲಿ.

*ಸಾಮಾನ್ಯ ತಪ್ಪು:* ಎಲ್ಲವನ್ನೂ 1537ಕ್ಕೆ, ಕೆಂಪೇಗೌಡರ ಕೋಟೆಗೆ ತಂದು ಕಟ್ಟುವುದು. ಕೋಟೆಯ ಕಥೆ ದೊಡ್ಡದು, ಆದರೆ ನಿಮ್ಮ ಬೀದಿಯವರು ಆ ಕಥೆಯೊಳಗೆ ತಮ್ಮನ್ನು ಕಾಣಲಾರರು. ಗಿರಣಿ ಕಾರ್ಮಿಕರ ಸಾಲುಮನೆಯಲ್ಲಿ ಹುಟ್ಟಿದವರಿಗೆ ಬೆಳಗಿನ ಪಾಳಿಯ ಸೈರನ್ ಸದ್ದೇ ಇತಿಹಾಸದ ಬಾಗಿಲು.

*ಎಚ್ಚರದ ಸೂಚನೆ:* ನಾಲ್ಕು ಭಾನುವಾರ ನಡೆದ ಮೇಲೂ ನಿಮ್ಮನ್ನು ಯಾರೂ ತಡೆದು "ಏನು ನೋಡುತ್ತಿದ್ದೀರಿ?" ಎಂದು ಕೇಳಿಲ್ಲವೆಂದರೆ ನೀವು ತುಂಬ ವೇಗವಾಗಿ ನಡೆದಿದ್ದೀರಿ. ಇನ್ನೊಂದು ಸುತ್ತು ಹೋಗಿ, ಚಹಾ ಅಂಗಡಿಯ ಮುಂದೆ ನಿಲ್ಲಿ.

ಹಂತ 2: ವರ್ಷಕ್ಕೆ ಒಂದೇ ಪ್ರಶ್ನೆ ಆರಿಸಿ

"ನಮ್ಮ ಪರಂಪರೆ" ಎಂಬಂಥ ಹೆಸರಿನ ಕಾರ್ಯಕ್ರಮಕ್ಕೆ ಯಾರೂ ಏನನ್ನೂ ತರುವುದಿಲ್ಲ, ಏಕೆಂದರೆ ಏನು ತರಬೇಕೆಂದೇ ತಿಳಿಯುವುದಿಲ್ಲ. ಪ್ರಶ್ನೆ ಕೈಗೆ ಸಿಗುವಂತಿರಬೇಕು. ನಾವು ಮೊದಲ ವರ್ಷ ಕೇಳಿದ್ದು ಇದು: "ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತಿತ್ತು?"

ಒಳ್ಳೆಯ ಪ್ರಶ್ನೆಗೆ ಮೂರು ಪರೀಕ್ಷೆಗಳಿವೆ. ಹತ್ತು ವರ್ಷದ ಮಗು ಅದನ್ನು ಮನೆಯಲ್ಲಿ ಕೇಳಬಲ್ಲದೇ? ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ಉತ್ತರ ಹೇಳಬಲ್ಲಳೇ? ನಿಮ್ಮ ಸಂಗ್ರಹದಲ್ಲಿ ಅದಕ್ಕೆ ಹೊಂದುವ ಮೂರು ವಸ್ತುಗಳಿವೆಯೇ? ನೀರಿನ ಪ್ರಶ್ನೆ ಮೂರರಲ್ಲೂ ಗೆಲ್ಲುತ್ತದೆ. ಅದರ ಹಿಂದೆ ನಗರದ ದೊಡ್ಡ ಕಥೆಯೂ ಇದೆ: ಕೆರೆ ಬಾವಿಗಳ ಊರಿಗೆ 1890ರ ದಶಕದಲ್ಲಿ ಹೆಸರಘಟ್ಟದ ನೀರು ಬಂತು, 1933ರಲ್ಲಿ ಅರ್ಕಾವತಿಯ ತಿಪ್ಪಗೊಂಡನಹಳ್ಳಿ ಜಲಾಶಯ ಸೇರಿತು, 1974ರಲ್ಲಿ ಕಾವೇರಿ ಮೊದಲ ಹಂತ ಆರಂಭವಾಯಿತು. ಅಜ್ಜಿ "ನಾನು ಮದುವೆಯಾಗಿ ಬಂದ ಎರಡನೇ ವರ್ಷ ನಲ್ಲಿ ಬಂತು" ಎಂದರೆ, ಆ ಮಾತನ್ನು ಈ ಇಸವಿಗಳ ಪಕ್ಕ ಇಟ್ಟು ನೋಡಬಹುದು. ಮುಖ್ಯ ಕೊಳವೆ ಹಾಕಿದ್ದಕ್ಕೂ ನಿಮ್ಮ ಓಣಿಗೆ ನಲ್ಲಿ ಬಂದದ್ದಕ್ಕೂ ಎಷ್ಟೋ ಕಡೆ ವರ್ಷಗಳ ಅಂತರವಿದೆ. ನಿಮ್ಮ ಮ್ಯೂಸಿಯಂ ಮಾತ್ರ ಹೇಳಬಲ್ಲ ಕಥೆ ಆ ಅಂತರದಲ್ಲಿದೆ.

ಬೇರೆ ಬಡಾವಣೆಗಳಿಗೆ ಬೇರೆ ಪ್ರಶ್ನೆಗಳು ಒಗ್ಗುತ್ತವೆ. ಪೇಟೆಯಲ್ಲಾದರೆ "ನಿಮ್ಮ ಅಂಗಡಿಯಲ್ಲಿ ಮೊದಲು ಏನು ಮಾರುತ್ತಿದ್ದರು?" ಮಲ್ಲೇಶ್ವರ, ಬಸವನಗುಡಿಗಳು 1898ರ ಪ್ಲೇಗಿನ ಆಸುಪಾಸಿನಲ್ಲಿ ಬೆಳೆದ ಬಡಾವಣೆಗಳು, ಅಲ್ಲಿ "ನಿಮ್ಮ ಮನೆತನ ಇಲ್ಲಿಗೆ ಯಾವಾಗ, ಎಲ್ಲಿಂದ ಬಂತು?" ಎಂದು ಕೇಳಬಹುದು.

ಹಂತ 3: ನೆನಪಿನ ದಿನ ನಡೆಸಿ

ಅತಿ ಹೆಚ್ಚು ಜನ ಜಾರುವುದು ಇಲ್ಲಿ. ನಾನೂ ಜಾರಿದ್ದೇನೆ. ಮೊದಲ ಸಲ ಒಬ್ಬ ಹಿರಿಯರು ನಂಬಿಕೆಯಿಂದ ಕೊಟ್ಟ ಮದುವೆಯ ಆಲ್ಬಮ್ಮನ್ನು "ಸ್ಕ್ಯಾನ್ ಮಾಡಿ ಕೊಡುತ್ತೇನೆ" ಎಂದು ರಸೀದಿಯಿಲ್ಲದೆ ತೆಗೆದುಕೊಂಡೆ. ಬೀರುವಿನಲ್ಲಿ ಇನ್ನೊಂದು ಕಟ್ಟಿನ ಕೆಳಗೆ ಸೇರಿ ಅದು ಮೂರು ತಿಂಗಳು ಸಿಗಲಿಲ್ಲ. ಸಿಕ್ಕ ಮೇಲೆ ಕೊಂಡೊಯ್ದು ಕೊಟ್ಟೆ, ಅವರು ಒಂದು ಮಾತೂ ಬೈಯಲಿಲ್ಲ. ಆದರೆ ಆ ಬೀದಿಯಿಂದ ಮತ್ತೊಂದು ಚಿತ್ರ ಬರಲು ಎರಡು ವರ್ಷ ಹಿಡಿಯಿತು. ಅಂದಿನಿಂದ ನಮ್ಮಲ್ಲಿ ಒಂದೇ ನಿಯಮ: ಮೂಲ ವಸ್ತು ಆ ದಿನವೇ, ತಂದವರ ಕೈಯಲ್ಲೇ ಮನೆಗೆ ಮರಳಬೇಕು.

ಸ್ಥಳ ಮ್ಯೂಸಿಯಂ ಆಗಬೇಕಿಲ್ಲ. ರಾಮಮಂದಿರದ ಅಂಗಳ, ಮಸೀದಿಯ ಪಕ್ಕದ ಸಭಾಂಗಣ, ಚರ್ಚ್ ಶಾಲೆಯ ಕೋಣೆ, ಯುವಕ ಸಂಘದ ಕಟ್ಟಡ, ಎಲ್ಲಿ ಎಲ್ಲರೂ ಹಿಂಜರಿಯದೆ ಕಾಲಿಡುತ್ತಾರೋ ಅಲ್ಲಿ. ಒಂದೇ ಸ್ಥಳಕ್ಕೆ ಎಲ್ಲರೂ ಬಾರದಿದ್ದರೆ ಎರಡು ಕಡೆ, ಎರಡು ಭಾನುವಾರ ಮಾಡಿ. ಕರಪತ್ರ ಹಂಚುವುದಕ್ಕಿಂತ ಹಾಲಿನ ಬೂತಿನವರು, ಹೂವು ಮಾರುವವರು, ಅಂಗನವಾಡಿ ಕಾರ್ಯಕರ್ತೆಯರಿಗೆ ಬಾಯಿಮಾತಿನಲ್ಲಿ ಹೇಳುವುದು ಹತ್ತು ಪಾಲು ಫಲ ಕೊಡುತ್ತದೆ.

ನಾಲ್ಕು ಮೇಜುಗಳನ್ನು ಈ ಕ್ರಮದಲ್ಲೇ ಹಾಕಿ.

1. ನೋಂದಣಿ. ತಂದವರ ಹೆಸರು, ಮನೆ ಇರುವ ಬೀದಿ, ತಂದ ವಸ್ತು, ಸಮಯ. ರಸೀದಿಯ ಒಂದು ಪ್ರತಿ ಅವರಿಗೆ. ಪ್ರತಿ ವಸ್ತುವಿಗೂ ಇಸವಿ ಸಹಿತ ಒಂದು ಸಂಖ್ಯೆ, ಉದಾಹರಣೆಗೆ 2025-014.
2. ಮಾತು. ಸ್ಕ್ಯಾನ್ ಮಾಡುವ ಮೊದಲೇ ಕುಳಿತು ಕೇಳಿ: ಇದು ಯಾರು, ಎಲ್ಲಿ, ಯಾವಾಗ, ತೆಗೆದವರು ಯಾರು? ಸ್ಕ್ಯಾನ್ ಆದ ಮೇಲೆ ಜನ ಕೆಲಸ ಮುಗಿಯಿತೆಂದು ಎದ್ದು ಹೋಗುತ್ತಾರೆ, ನಿಮ್ಮಲ್ಲಿ ಹೆಸರಿಲ್ಲದ ಮುಖಗಳು ಉಳಿಯುತ್ತವೆ.
3. ಸ್ಕ್ಯಾನ್. ಚಿತ್ರಗಳಿಗೆ 600 ಡಿಪಿಐ (ಅಂಗುಲಕ್ಕೆ 600 ಚುಕ್ಕಿ), ಗುಣ ಕುಂದದಂತೆ ಉಳಿಸುವ ಟಿಫ್ ಫೈಲ್. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಸ್ಟುಡಿಯೋದ ಮುದ್ರೆ, ಕೈಬರಹ ಇರುವುದು ಅಲ್ಲೇ.
4. ಮರಳಿಕೆ. ವಸ್ತುವನ್ನು ರಸೀದಿಗೆ ತಾಳೆ ನೋಡಿ ಹಿಂದಿರುಗಿಸಿ, ಅವರಿಂದ ಸಹಿ ಪಡೆಯಿರಿ. ಚಿತ್ರವನ್ನು ಎಲ್ಲಿ ಬಳಸಬಹುದೆಂಬ ಒಪ್ಪಿಗೆಯನ್ನೂ ಇಲ್ಲೇ ಬರೆಸಿಕೊಳ್ಳಿ: ಪ್ರದರ್ಶನಕ್ಕೆ, ಶಾಲೆಗೆ, ಅಂತರ್ಜಾಲಕ್ಕೆ, ಮೂರಕ್ಕೂ ಬೇರೆ ಬೇರೆ ಗುರುತು. ಪ್ರದರ್ಶನಕ್ಕೆ ಒಪ್ಪಿದವರು ಅಂತರ್ಜಾಲಕ್ಕೂ ಒಪ್ಪಿದಂತಲ್ಲ.

ಚಿತ್ರಗಳ ವಿಷಯದಲ್ಲಿ ಎರಡು ಮಾತು. ಅಂಟಿನ ಹಾಳೆಯ ಆಲ್ಬಮ್ಮಿನಲ್ಲಿ ಕಚ್ಚಿಕೊಂಡ ಚಿತ್ರವನ್ನು ಕೀಳಲು ಹೋಗಬೇಡಿ, ಇಡೀ ಪುಟವನ್ನೇ ಸ್ಕ್ಯಾನ್ ಮಾಡಿ. ಲ್ಯಾಮಿನೇಷನ್ ಮಾಡಿಸಿ ಇಡುತ್ತೇವೆ ಎನ್ನುವವರನ್ನು ದಯವಿಟ್ಟು ತಡೆಯಿರಿ. ಬಿಸಿ ಪ್ಲಾಸ್ಟಿಕ್ ಒಮ್ಮೆ ಅಂಟಿದರೆ ಬಿಡಿಸಲು ಬರುವುದಿಲ್ಲ. ಹರಿದದ್ದಕ್ಕೆ ಸೆಲ್ಲೋಟೇಪ್ ಹಚ್ಚುವುದೂ ಹಾಗೆಯೇ, ಕೆಲವು ವರ್ಷಗಳಲ್ಲಿ ಹಳದಿ ಕಲೆ ಕಾಗದದೊಳಗೆ ಇಳಿಯುತ್ತದೆ. ಹಿಂಬದಿಯಲ್ಲಿ ಬರೆಯಲೇಬೇಕಾದರೆ ಪೆನ್ಸಿಲ್, ಅಂಚಿನಲ್ಲಿ, ಮೆತ್ತಗೆ.

ಕಾನೂನಿನ ಮಾತನ್ನೂ ಇಲ್ಲೇ ಹೇಳಬೇಕು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ ನೂರು ವರ್ಷಕ್ಕೂ ಹಳೆಯ ವಿಗ್ರಹ, ಶಾಸನ, ನಾಣ್ಯಗಳು ಪ್ರಾಚ್ಯವಸ್ತುಗಳಾಗುತ್ತವೆ. ಹಸ್ತಪ್ರತಿಗಳಿಗೆ ಈ ಮಿತಿ ಎಪ್ಪತ್ತೈದು ವರ್ಷ. ಯಾರಾದರೂ ತಾಮ್ರಪಟ ಅಥವಾ ಕಲ್ಲಿನ ವಿಗ್ರಹ ತಂದರೆ ಇಟ್ಟುಕೊಳ್ಳಬೇಡಿ. ಅವರ ಒಪ್ಪಿಗೆಯಿಂದ ಚಿತ್ರ ತೆಗೆದು, ಅಳತೆ ಬರೆದುಕೊಂಡು, ನೋಂದಣಿಯ ವಿಷಯವನ್ನು ಪುರಾತತ್ವ ಇಲಾಖೆಯಲ್ಲಿ ಕೇಳುವಂತೆ ತಿಳಿಸಿ. ಪಾಯ ಅಗೆಯುವಾಗ ಸಿಕ್ಕಿತೆಂದರೆ ಅದು ಬೇರೆಯೇ ಸಂಗತಿ. 1878ರ ನಿಕ್ಷೇಪ ಕಾಯ್ದೆ ಬರುತ್ತದೆ, ಜಿಲ್ಲಾಧಿಕಾರಿಗೆ ತಿಳಿಸಬೇಕಾಗುತ್ತದೆ.

*ಎಚ್ಚರದ ಸೂಚನೆ:* "ಇದಕ್ಕೆ ಎಷ್ಟು ಬೆಲೆ ಬರಬಹುದು?" ಎಂಬ ಪ್ರಶ್ನೆ. ಅದಕ್ಕೆ ಯಾವತ್ತೂ ಉತ್ತರ ಹೇಳಬೇಡಿ. ಒಂದು ವಸ್ತುವಿಗೆ ಬೆಲೆ ಹೇಳಿದ ದಿನದಿಂದ ಜನ ನಿಮ್ಮ ಬಳಿ ನೆನಪು ತರುವುದನ್ನು ಬಿಟ್ಟು ಸರಕು ತರುತ್ತಾರೆ.

ನೀರಿನ ಪ್ರಶ್ನೆಯ ದಿನ ಒಬ್ಬರು ಹಳೆಯ ಪಂಚೆಯಲ್ಲಿ ಸುತ್ತಿ ಬಾವಿಯ ಮರದ ರಾಟೆ ತಂದಿದ್ದರು. ಅದರ ಮೈಮೇಲೆ ಹಗ್ಗ ಸವೆಸಿದ ಜಾಡು, ಬೆರಳಿಟ್ಟರೆ ಅರ್ಧ ಬೆರಳು ಮುಳುಗುವಷ್ಟು ಆಳ. ಆ ಜಾಡು ನಡುವಿನಲ್ಲಿರದೆ ಎಡಕ್ಕೆ ವಾಲಿತ್ತು. ಏಕೆಂದು ಕೇಳಿದೆ. "ಬಲಗಡೆಯ ಕಟ್ಟೆ ಒಡೆದಿತ್ತು. ಅಮ್ಮ ಯಾವಾಗಲೂ ಎಡಕ್ಕೆ ನಿಂತೇ ಸೇದುತ್ತಿದ್ದರು" ಎಂದರು. ವಸ್ತುವನ್ನು ತಂದವರು ಎದುರಿಗೆ ಕುಳಿತಿದ್ದಾಗಲಷ್ಟೇ ಸಿಗುವ ಮಾತು ಇದು. ಎರಡನೇ ಮೇಜನ್ನು ಮೂರನೆಯದಕ್ಕಿಂತ ಮೊದಲು ಇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿ.

ಈ ರಾಟೆಯನ್ನು ಅವರೇ ಆಮೇಲೆ ಮ್ಯೂಸಿಯಂಗೆ ಕೊಟ್ಟರು. ನಾವು ಕೇಳಿರಲಿಲ್ಲ. ಕೊಡುಗೆಯನ್ನು ನೆನಪಿನ ದಿನ ಸ್ವೀಕರಿಸಬೇಡಿ. "ಹದಿನೈದು ದಿನ ಮನೆಯವರೊಂದಿಗೆ ಮಾತಾಡಿ ಬನ್ನಿ" ಎಂದು ಕಳಿಸಿ, ಬಂದರೆ ಲಿಖಿತ ದಾನಪತ್ರ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ನಾಳೆ ಅಣ್ಣನೋ ತಂಗಿಯೋ ಬಂದು ಕೇಳಿದಾಗ ನಿಮ್ಮಲ್ಲಿ ಉತ್ತರವಿರುವುದಿಲ್ಲ.

ಹಂತ 4: ಮಾತನ್ನು ದಾಖಲಿಸಿ

ನೆನಪಿನ ದಿನ ಬಂದವರಲ್ಲಿ ಆರೇಳು ಜನರನ್ನು ಆರಿಸಿ ಅವರ ಮನೆಗೇ ಹೋಗಿ. ಒಂದು ಭೇಟಿಗೆ ಮುಕ್ಕಾಲು ಗಂಟೆ ಸಾಕು. ಹಿರಿಯರು ದಣಿಯುತ್ತಾರೆ, ದಣಿದರೂ ಮರ್ಯಾದೆಗೆ ಹೇಳುವುದಿಲ್ಲ.

ಕುಳಿತ ಕೂಡಲೇ ರೆಕಾರ್ಡರ್ ತೆಗೆಯಬೇಡಿ. ಮೊದಲು ಕೊಟ್ಟ ಕಾಫಿ ಕುಡಿಯಿರಿ. ಫ್ಯಾನ್ ಆರಿಸಲು ಕೇಳಿಕೊಳ್ಳಿ, ಬೀದಿ ಕಡೆಯ ಕಿಟಕಿ ಮುಚ್ಚಿ, ಒಲೆಯ ಮೇಲೆ ಕುಕ್ಕರ್ ಇದ್ದರೆ ಕೂಗು ಮುಗಿಯುವವರೆಗೆ ಕಾಯಿರಿ. ಆರಂಭದಲ್ಲೇ ದಿನಾಂಕ, ಸ್ಥಳ, ಮಾತನಾಡುವವರ ಹೆಸರು ಮತ್ತು ಅವರ ಒಪ್ಪಿಗೆಯನ್ನು ಧ್ವನಿಯಲ್ಲೇ ದಾಖಲಿಸಿ.

"ಆ ಕಾಲ ಹೇಗಿತ್ತು?" ಎಂದು ಕೇಳಿದರೆ "ಚೆನ್ನಾಗಿತ್ತು" ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. "ಬೆಳಿಗ್ಗೆ ಎದ್ದ ಕೂಡಲೇ ನೀರಿಗೆ ಯಾರು ಹೋಗುತ್ತಿದ್ದರು? ಯಾವ ದಾರಿ? ಎಷ್ಟು ಬಿಂದಿಗೆ?" ಎಂದು ಕೇಳಿ. ದಾರಿ ಕೇಳಿದರೆ ಬೀದಿ ಎದ್ದು ಬರುತ್ತದೆ, ಬೀದಿಯೊಂದಿಗೆ ಯಾರನ್ನು ಯಾವ ಬಾವಿಗೆ ಬಿಡುತ್ತಿರಲಿಲ್ಲ ಎಂಬುದೂ ಬರುತ್ತದೆ. ಜಾತಿಯ ಈ ಮಾತು ಬಂದಾಗ ವಿಷಯ ಬದಲಿಸಬೇಡಿ, ಒತ್ತಾಯವನ್ನೂ ಮಾಡಬೇಡಿ. ಅವರು ಹೇಳಿದಷ್ಟನ್ನು ಹೇಳಿದಂತೆಯೇ ಉಳಿಸಿ. ನೀರಿನ ಕಥೆಯಿಂದ ಅದನ್ನು ತೆಗೆದು ಅಲಂಕರಿಸಿ ಮಕ್ಕಳ ಮುಂದಿಟ್ಟರೆ ನಾವು ಸುಳ್ಳು ಕಲಿಸಿದಂತೆ.

ಭಾಷೆಯ ಬಗ್ಗೆ ಹೇಳಲೇಬೇಕು. ಬೆಂಗಳೂರಿನ ಹಳೆಯ ಬೀದಿಗಳಲ್ಲಿ ಮನೆಮಾತು ಕನ್ನಡ, ತೆಲುಗು, ತಮಿಳು, ದಖನಿ ಉರ್ದು, ಮರಾಠಿ ಯಾವುದೂ ಇರಬಹುದು. ಅವರು ನಿಮಗಾಗಿ ಕನ್ನಡದಲ್ಲಿ ಹೇಳುತ್ತಾರೆ, ಆದರೆ ಅಡುಗೆಮನೆಯ, ಕಸುಬಿನ ಪದಗಳು ಮನೆಮಾತಿನಲ್ಲೇ ಬರುತ್ತವೆ. ಆ ಪದಗಳನ್ನು ಕೇಳಿಸಿದಂತೆಯೇ ಕನ್ನಡ ಲಿಪಿಯಲ್ಲಿ ಬರೆದಿಡಿ. ತಿದ್ದಿ ಪುಸ್ತಕದ ಪದ ಹಾಕಬೇಡಿ.

ಫೈಲುಗಳ ಮೂರು ಪ್ರತಿ, ಎರಡು ಬೇರೆ ಕಟ್ಟಡಗಳಲ್ಲಿ. ಒಂದು ಪ್ರತಿ ಆ ಮನೆಗೆ. ಇದನ್ನು ಅದೇ ವಾರ ಮಾಡಿ.

ಹಂತ 5: ಮೊದಲ ಪ್ರದರ್ಶನ ಬೀದಿಯಲ್ಲೇ ಆಗಲಿ

ಸಂಗ್ರಹಿಸಿದ್ದನ್ನು ನೇರವಾಗಿ ಮ್ಯೂಸಿಯಂ ಗೋಡೆಗೆ ಏರಿಸಬೇಡಿ. ಇಪ್ಪತ್ತು ಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿ ಅರಳಿಕಟ್ಟೆಯ ಸುತ್ತ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಡಿ. ಸಂಜೆ ನಾಲ್ಕರಿಂದ ಏಳರವರೆಗೆ. ಪ್ರತಿ ಚಿತ್ರದ ಕೆಳಗೆ ಎರಡು ಸಾಲಿನ ವಿವರ, ಅದರ ಕೆಳಗೆ ಅರ್ಧ ಹಾಳೆ ಖಾಲಿ, ಪಕ್ಕದಲ್ಲಿ ದಾರ ಕಟ್ಟಿದ ಪೆನ್ಸಿಲ್.

ಜನ ತಿದ್ದುತ್ತಾರೆ. "ಇದು ದೊಡ್ಡ ಬಾವಿಯಲ್ಲ, ಸಿಹಿನೀರಿನ ಬಾವಿ." "ಮೂರನೆಯವರು ನಮ್ಮ ಚಿಕ್ಕಪ್ಪ." ಒಬ್ಬರ ತಿದ್ದುಪಡಿಯನ್ನು ಇನ್ನೊಬ್ಬರು ತಿದ್ದುತ್ತಾರೆ. ಅಳಿಸಬೇಡಿ, ಎರಡನ್ನೂ ಬರೆದುಕೊಳ್ಳಿ. ನಾಲ್ಕು ತಿಂಗಳ ಶ್ರಮದಲ್ಲಿ ನನಗೆ ಅತ್ಯಂತ ಪ್ರಿಯವಾದ ಮೂರು ಗಂಟೆ ಇದು.

ಇದನ್ನು ಬಿಟ್ಟು ಮುಂದಕ್ಕೆ ಹಾರಿದರೆ ಏನಾಗುತ್ತದೆ? ತಪ್ಪು ಹೆಸರಿನ ಫಲಕ ಗೋಡೆಯೇರುತ್ತದೆ. ಶಾಲೆಯಿಂದ ಬಂದ ಮಗು ಮನೆಗೆ ಹೋಗಿ ಅದನ್ನೇ ಹೇಳುತ್ತದೆ. ಮನೆಯಲ್ಲಿ ಅಜ್ಜ "ಅವರಿಗೇನು ಗೊತ್ತು" ಎನ್ನುತ್ತಾರೆ. ಆ ಒಂದು ಮಾತು ನಿಮ್ಮ ವರ್ಷದ ಕೆಲಸವನ್ನು ಮುಗಿಸಿಬಿಡುತ್ತದೆ.

*ಉದ್ಘಾಟನೆಯ ಬಗ್ಗೆ:* ವೇದಿಕೆ, ಶಾಲು, ಭಾಷಣ ಬೇಡ. ಕರೆಯದೆ ಬಂದ ಗಣ್ಯರಿಗೂ ಚಿತ್ರಗಳನ್ನು ತೋರಿಸಿ, ಮೈಕ್ ಕೊಡಬೇಡಿ. ಚಿತ್ರ ಕೊಟ್ಟವರಿಗೆ ಅವರ ಚಿತ್ರದ ಒಂದು ಒಳ್ಳೆಯ ಪ್ರತಿಯನ್ನು ಲಕೋಟೆಯಲ್ಲಿ ಹಾಕಿ ಕೊಡಿ.

ಹಂತ 6: ಈಗ ಶಾಲೆಯನ್ನು ಕರೆಯಿರಿ

ಮೊದಲು ಪಂಚಾಂಗ ನೋಡಿ. ವಿಶ್ವ ಪರಂಪರೆ ದಿನ ಏಪ್ರಿಲ್ 18, ಅಂತಾರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ ಮೇ 18. ಎರಡೂ ನಮ್ಮ ಶಾಲೆಗಳ ಬೇಸಿಗೆ ರಜೆಯಲ್ಲಿ ಬರುತ್ತವೆ. ಆ ದಿನಗಳಿಗೆ ಶಾಲಾ ಕಾರ್ಯಕ್ರಮ ಇಟ್ಟು ಮಕ್ಕಳಿಲ್ಲವೆಂದು ಕೊರಗುವವರನ್ನು ಪ್ರತಿ ವರ್ಷ ನೋಡುತ್ತೇನೆ. ಆ ದಿನಗಳನ್ನು ಮನೆಮಂದಿಗೆ ಇಡಿ. ಆಗಸ್ಟ್ 15ರ ಮುಂಚಿನ ಎರಡು ವಾರ ಕವಾಯತು, ಅಕ್ಟೋಬರ್‌ನಲ್ಲಿ ದಸರಾ ರಜೆ, ನವೆಂಬರ್ ಮೊದಲ ವಾರ ರಾಜ್ಯೋತ್ಸವ, ಫೆಬ್ರವರಿಯಿಂದ ಪರೀಕ್ಷೆಯ ಗಾಳಿ. ಉಳಿದದ್ದು ನವೆಂಬರ್ ನಡುವಿನಿಂದ ಜನವರಿವರೆಗೆ, ಶಾಲಾ ವಾರ್ಷಿಕೋತ್ಸವದ ದಿನ ಬಿಟ್ಟು.

ಪತ್ರ ಮುಖ್ಯ ಶಿಕ್ಷಕರಿಗೆ, ಒಂದು ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ. ಆದರೆ ಕೆಲಸ ನಡೆಯುವುದು ಸಮಾಜ ವಿಜ್ಞಾನದ ಶಿಕ್ಷಕರಿಂದ. ಪತ್ರ ಕೊಟ್ಟು ಬರುವ ಬದಲು ಅವರನ್ನು ಒಂದು ಶನಿವಾರ ಮಧ್ಯಾಹ್ನ ಮ್ಯೂಸಿಯಂಗೆ ಕರೆದು, ಮಕ್ಕಳಿಗೆ ಮಾಡಿಸುವುದನ್ನೆಲ್ಲ ಮೊದಲು ಅವರಿಗೇ ಮಾಡಿಸಿ.

ಹೊರಡುವ ಮೊದಲು ಇತ್ಯರ್ಥವಾಗಬೇಕಾದ ಸಂಗತಿಗಳು: ಪೋಷಕರ ಒಪ್ಪಿಗೆ ಪತ್ರ, ನೀರು, ಹೆಣ್ಣುಮಕ್ಕಳಿಗೆ ಚೊಕ್ಕ ಶೌಚಾಲಯ, ಪ್ರಥಮ ಚಿಕಿತ್ಸೆ, ಗಾಲಿಕುರ್ಚಿ ಹೋಗುವ ದಾರಿ. ಸರ್ಕಾರಿ ಶಾಲೆಯಾದರೆ ಬಿಸಿಯೂಟದ ಹೊತ್ತಿಗೆ ಮಕ್ಕಳು ಶಾಲೆಗೆ ಮರಳಲೇಬೇಕು. ಬೆಳಿಗ್ಗೆ ಹತ್ತಕ್ಕೆ ಬಂದು ಹನ್ನೆರಡಕ್ಕೆ ಹೊರಡುವಂತೆ ಯೋಜಿಸಿ. ಎರಡು ಕಿಲೋಮೀಟರ್ ವೃತ್ತದ ಲಾಭ ಇಲ್ಲಿ ಕಾಣುತ್ತದೆ: ಮಕ್ಕಳು ನಡೆದೇ ಬರಬಹುದು, ಬಸ್ಸೂ ಬೇಡ, ಟ್ರಾಫಿಕ್ಕೂ ಇಲ್ಲ.

ಒಂದು ಸಲಕ್ಕೆ ಒಂದು ತರಗತಿ, ನಲವತ್ತು ಮಕ್ಕಳ ಮಿತಿ. ಮೂರು ಗುಂಪು. ಪ್ರತಿ ಗುಂಪಿಗೂ ಮೂವತ್ತು ನಿಮಿಷದಂತೆ ಮೂರು ಕಡೆ.

ಮೊದಲ ಕಡೆ, ಕೈಗೆ ಕೊಡುವ ವಸ್ತು. ನಮ್ಮಲ್ಲಿ ರಾಟೆ. ಇದು ಏನೆಂದು ಹೇಳಬೇಡಿ. ಸುತ್ತ ಕೂರಿಸಿ ಕೈಯಿಂದ ಕೈಗೆ ದಾಟಿಸಿ, "ಏನು ಕಾಣುತ್ತಿದೆ?" ಎಂದಷ್ಟೇ ಕೇಳಿ. ಹತ್ತು ನಿಮಿಷದೊಳಗೆ ಯಾರಾದರೂ ಆ ಜಾಡಿಗೆ ಬೆರಳು ಹಾಕುತ್ತಾರೆ. "ಒಂದೇ ಕಡೆ ಯಾಕೆ ಸವೆದಿದೆ?" ಎಂಬ ಪ್ರಶ್ನೆ ಮಕ್ಕಳಿಂದಲೇ ಬರುತ್ತದೆ. ಅವರು ಊಹಿಸಿ ಮುಗಿಸಿದ ಮೇಲೆ, ಕೊಟ್ಟವರ ಧ್ವನಿಯಲ್ಲೇ ಉತ್ತರ ಕೇಳಿಸಿ. ಕಣ್ಣು ಕಾಣದ ಮಕ್ಕಳೂ ಈ ಕಡೆ ಯಾರಿಗೂ ಹಿಂದೆ ಬೀಳುವುದಿಲ್ಲ.

ಎರಡನೆಯ ಕಡೆ, ಟಾರ್ಚ್ ಮತ್ತು ಕಲ್ಲು. ವೀರಗಲ್ಲು ಇದ್ದರೆ ಆ ಜಾಗಕ್ಕೇ ಕರೆದೊಯ್ಯಿರಿ. ನೇರ ಬೆಳಕಿನಲ್ಲಿ ಸವೆದ ಅಕ್ಷರ ಕಾಣುವುದಿಲ್ಲ. ಕಪ್ಪು ಬಟ್ಟೆ ಹಿಡಿದು ನೆರಳು ಮಾಡಿ, ಕಲ್ಲಿನ ಮೈಗೆ ಒತ್ತಿ ಹಿಡಿದಂತೆ ಪಕ್ಕದಿಂದ ಟಾರ್ಚ್ ಬೆಳಕು ಹಾಯಿಸಿ. ಗೀರುಗಳಲ್ಲಿ ನೆರಳು ತುಂಬಿಕೊಂಡು ಅಕ್ಷರ ಏಳುತ್ತದೆ. ವೀರಗಲ್ಲಿನ ಚಿತ್ರಗಳನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಅಕ್ಷರ ಕಾಣಲೆಂದು ಸುಣ್ಣ, ಸೀಮೆಸುಣ್ಣ, ಹಿಟ್ಟು, ಎಣ್ಣೆ ಯಾವುದನ್ನೂ ಹಚ್ಚಬೇಡಿ, ತಂತಿ ಬ್ರಷ್ಷಿನಿಂದ ಉಜ್ಜಬೇಡಿ. ಪೂಜೆ ನಡೆಯುವ ಕಲ್ಲಾದರೆ ಮೊದಲು ಆ ಮನೆಯವರನ್ನು ಕೇಳಿ.

ಹತ್ತಿರ ಕಲ್ಲಿಲ್ಲದವರು ವರ್ಷಕ್ಕೊಮ್ಮೆ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. 1865ರಲ್ಲಿ ಸ್ಥಾಪನೆಯಾದ ಅಲ್ಲಿ ಆತಕೂರಿನ ಶಾಸನವಿದೆ, ಕ್ರಿ.ಶ. 949-50ರದು. ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಂದಿಗೆ ಹೋರಾಡಿ, ಎರಡೂ ಸತ್ತ ಕಥೆ ಆ ಕಲ್ಲಿನ ಮೇಲಿದೆ. ಆ ದಿನ ಬೇರೆ ಏನನ್ನೂ ತೋರಿಸದೆ ಆ ನಾಯಿಯ ಮುಂದೆ ಅರ್ಧ ಗಂಟೆ ಕೂರಿಸಿದರೂ ಸಾಕು. ಇಡೀ ಕಟ್ಟಡ ತೋರಿಸಲು ಹೊರಟರೆ ಏನೂ ಉಳಿಯುವುದಿಲ್ಲ.

ಮೂರನೆಯ ಕಡೆ, ಒಬ್ಬ ಹಿರಿಯರು. ನಾಲ್ಕನೇ ಹಂತದಲ್ಲಿ ಮಾತಾಡಿಸಿದವರಲ್ಲಿ ಒಬ್ಬರನ್ನು ಕರೆತನ್ನಿ. ಭಾಷಣ ಬೇಡ, ಕುರ್ಚಿ ಮಕ್ಕಳ ನಡುವೆ ಇರಲಿ, ಮಕ್ಕಳೇ ಕೇಳಲಿ.

*ಸಾಮಾನ್ಯ ತಪ್ಪು:* ಬಿಟ್ಟಸ್ಥಳ ತುಂಬುವ ಹಾಳೆ ಕೊಡುವುದು. ಮಕ್ಕಳು ವಸ್ತುವನ್ನು ನೋಡದೆ ಫಲಕದಿಂದ ನಕಲು ಮಾಡುತ್ತಾರೆ. ಖಾಲಿ ಹಾಳೆ ಕೊಟ್ಟು ರಾಟೆಯ ಚಿತ್ರ ಬಿಡಿಸಿ ಎನ್ನಿ.

*ಎಚ್ಚರದ ಸೂಚನೆ:* ಶಿಕ್ಷಕರು "ಸದ್ದು ಮಾಡಬೇಡಿ, ಮುಟ್ಟಬೇಡಿ" ಎಂದು ಮೂರನೇ ಸಲ ಗದರಿದರೆ ತಪ್ಪು ನಿಮ್ಮ ವ್ಯವಸ್ಥೆಯದು. ಮುಟ್ಟಬಾರದ ವಸ್ತುಗಳು ಕೈಗೆಟಕುವಲ್ಲಿವೆ, ಮುಟ್ಟಬಹುದಾದವು ಸಾಕಷ್ಟಿಲ್ಲ.

ಹಂತ 7: ಮತ್ತೆ ಬರಲು ಕಾರಣ ಕೊಡಿ

ಹೊರಡುವಾಗ ಪ್ರತಿ ಮಗುವಿಗೂ ಅಂಗೈಯಗಲದ ಚೀಟಿ ಕೊಡಿ. ಅದರಲ್ಲಿ ವರ್ಷದ ಪ್ರಶ್ನೆ, ಕೆಳಗೆ ಮೂರು ಗೆರೆ, "ಮನೆಯ ಹಿರಿಯರೊಬ್ಬರ ಜೊತೆ ಬಂದು ಇದನ್ನು ಗೋಡೆಗೆ ಅಂಟಿಸು" ಎಂಬ ಸಾಲು. ಭಾನುವಾರ ಹತ್ತರಿಂದ ಒಂದರವರೆಗೆ ತಪ್ಪದೆ ಬಾಗಿಲು ತೆರೆದಿರಲಿ. ಚೀಟಿ ಹಿಡಿದು ಬಂದ ಮಗು ಬೀಗ ಕಂಡು ಮರಳಿದರೆ ಆ ಮನೆ ಮತ್ತೆ ಬರುವುದಿಲ್ಲ. ಹದಿನೈದು ದಿನದೊಳಗೆ ನೀವೂ ಶಾಲೆಗೆ ಹೋಗಿ, ಮಕ್ಕಳು ಬಿಡಿಸಿದ ಚಿತ್ರಗಳಲ್ಲಿ ಹತ್ತನ್ನು ಮ್ಯೂಸಿಯಂನಲ್ಲಿ ತೂಗುಹಾಕಿದ್ದೇವೆಂದು ತಿಳಿಸಿ ಬನ್ನಿ.

ಸಂದರ್ಶಕರ ಪುಸ್ತಕದಲ್ಲಿ ಇನ್ನೊಂದು ಕಾಲಂ ಎಳೆಯಿರಿ: "ಎಷ್ಟನೇ ಸಲ?" ತಲೆ ಎಣಿಸಿದ ಒಟ್ಟು ಲೆಕ್ಕ ವರದಿಗೆ ಚೆಂದ. ಕೆಲಸ ನಡೆಯುತ್ತಿದೆಯೇ ಎಂದು ತಿಳಿಯಬೇಕಾದರೆ ಎರಡನೇ ಸಲ ಬಂದವರನ್ನು ಎಣಿಸಿ. ಮೂರು ತಿಂಗಳಾದರೂ ಆ ಕಾಲಂನಲ್ಲಿ "ಮೊದಲು" ಎಂಬುದೊಂದೇ ತುಂಬಿದ್ದರೆ ಶಾಲೆಯನ್ನು ದೂರಬೇಡಿ. ಐದನೇ ಹಂತಕ್ಕೆ ಹಿಂದಿರುಗಿ, ಮತ್ತೆ ಹಗ್ಗ ಕಟ್ಟಿ.

ನಮ್ಮಲ್ಲಿ ಚೀಟಿ ಹಿಡಿದು ಮೊದಲು ಬಂದದ್ದು ಆರನೇ ತರಗತಿಯ ಒಬ್ಬಳು ಹುಡುಗಿ, ಜೊತೆಗೆ ಅವಳ ಅಜ್ಜಿ. ಅಜ್ಜಿ ರಾಟೆಯ ಮುಂದೆ ನಿಂತು, ಜಾಡಿನ ಮೇಲೆ ಹೆಬ್ಬೆರಳು ಓಡಿಸಿ, ಫಲಕವನ್ನು ಮೊಮ್ಮಗಳಿಂದ ಓದಿಸಿಕೊಂಡರು. "ನಮ್ಮ ಮನೆಯಲ್ಲಿ ಇದನ್ನು ಗಿಲಕ ಅನ್ನುತ್ತಿದ್ದೆವು" ಎಂದರು. ತೆಲುಗು ಮನೆಮಾತು. ದಾರ ಕಟ್ಟಿದ ಪೆನ್ಸಿಲ್ ಅನ್ನು ಹುಡುಗಿಯ ಕೈಗೆ ಕೊಟ್ಟೆ. "ರಾಟೆ" ಎಂಬ ಅಚ್ಚಿನ ಪದದ ಪಕ್ಕ ಅವಳು ದುಂಡಗೆ "ಗಿಲಕ" ಎಂದು ಬರೆದಳು. ಫಲಕ ಇವತ್ತಿಗೂ ಹಾಗೆಯೇ ಇದೆ.